ಮುಂಡಪ್ಪನವರ ಹತ್ತನೇ ನಂಬರ್ ಶೂ

ಮುಂಡಪ್ಪನವರಿಗೆ ಶೂ ತೆಗೆದುಕೊಳ್ಳಿ ಎಂದು ಹೇಳಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಟ್ಟಡದಲ್ಲಿ ಈಗಲೂ ಯಾರಿಗಾದರೂ ಹೊಸ ಚಪ್ಪಲಿ ಕಚ್ಚಿದರೆ ಮನೆಮಂದಿಯೆಲ್ಲ ನನ್ನ ಬಾಗಿಲ ಕಡೆಗೆ ಒಂದು ಸಲ ನೋಡುತ್ತಾರೆ. ನಾನು ಜಗನ್ನಾಥ, ಊರು ಮೈಸೂರು, ವಾಸ ಡೊಂಬಿವಲಿ ಪೂರ್ವ, ಕೆಲಸ ವಾಶಿಯ ಒಂದು ವಿಮಾ ಕಂಪನಿಯಲ್ಲಿ. ಚಪ್ಪಲಿಯ ಬಗ್ಗೆ ನನಗೆ ಗೊತ್ತಿರುವುದು ದೇವಸ್ಥಾನದ ಹೊರಗೆ ಅದನ್ನು ಎಲ್ಲಿ ಬಿಡಬಾರದು ಎಂಬುದಷ್ಟೇ. ಆದರೂ ಬಾಯಿ ಸುಮ್ಮನಿರಲಿಲ್ಲ.

ಮುಂಡಪ್ಪನವರು ನಮ್ಮ ಪಕ್ಕದ ಮನೆಯವರು, ಕಾರ್ಕಳದ ಕಡೆಯವರು. ಸಾನಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್. ಗಿರಾಕಿಗಳನ್ನು ಕೂರಿಸುವುದು, ಆರ್ಡರ್ ಬರೆದುಕೊಳ್ಳುವುದು, ಸರ್ವರ್‌ಗಳನ್ನು ಬಯ್ಯುವುದು, ಬಿಲ್ಲನ್ನು ಗಲ್ಲಾಕ್ಕೆ ಮುಟ್ಟಿಸುವುದು, ಮತ್ತೆ ಸರ್ವರ್‌ಗಳನ್ನು ಬಯ್ಯುವುದು. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಮಾಡುವ ಕೆಲಸ. ಇಪ್ಪತ್ತೆರಡು ವರ್ಷ ಅವರು ಇದನ್ನೆಲ್ಲ ರಬ್ಬರಿನ ಹವಾಯಿ ಚಪ್ಪಲಿಯಲ್ಲೇ ಮಾಡಿದ್ದರು. ಚಪ್ಪಲಿಯ ಅಡಿ ಎಷ್ಟು ನುಣ್ಣಗಾಗಿತ್ತೆಂದರೆ ಅದನ್ನು ಕನ್ನಡಿಯ ಹಾಗೆ ಹಿಡಿದು ತಲೆ ಬಾಚಿಕೊಳ್ಳಬಹುದಿತ್ತು.

ಎರಡು ಸಾವಿರದ ಹನ್ನೊಂದನೇ ಇಸವಿ, ದೀಪಾವಳಿ ಕಳೆದ ವಾರ, ಆ ಚಪ್ಪಲಿ ಕೈಕೊಟ್ಟಿತು. ಆರನೇ ನಂಬರ್ ಟೇಬಲಿನಲ್ಲಿ ಹುಡುಗಿ ನೋಡುವ ಶಾಸ್ತ್ರ ನಡೆಯುತ್ತಿತ್ತು. ಹುಡುಗನ ಅಪ್ಪ ಬಿಳಿ ಸಫಾರಿಯಲ್ಲಿ ಕೂತು "ನಮಗೆ ಏನೂ ಬೇಡ, ಹುಡುಗಿ ಬಂದರೆ ಸಾಕು" ಎಂದು ದೊಡ್ಡ ಮನಸ್ಸು ತೋರಿಸುತ್ತಿದ್ದಾಗ ಮುಂಡಪ್ಪನವರು ಒದ್ದೆ ನೆಲದ ಮೇಲೆ ಜಾರಿ, ಸಾಂಬಾರಿನ ಬಕೆಟ್ ಸಮೇತ ಅವರ ಮಡಿಲಿಗೇ ಬಂದರು. ಹುಡುಗಿ ಕಿಸಕ್ಕನೆ ನಕ್ಕಳು, ಆ ನಗು ನೋಡಿಯೇ ಹುಡುಗ ಒಪ್ಪಿದ, ಮದುವೆಯೂ ಆಯಿತು. ಆದರೆ ಹೋಟೆಲಿನ ಮಾಲೀಕ ವಸಂತಕುಮಾರ ಶೆಟ್ಟರು ವಿಷಯವನ್ನು ಆ ಕೋನದಿಂದ ನೋಡಲಿಲ್ಲ.

"ಮುಂಡಪ್ಪಣ್ಣ, ಡಿಸೆಂಬರಿನಲ್ಲಿ ನಮ್ಮ ಘಣಸೋಲಿ ಬ್ರಾಂಚ್ ಓಪನಿಂಗ್ ಉಂಟು. ಮ್ಯಾನೇಜರ್ ನೀವೇ ಅಂತ ನನ್ನ ಮನಸ್ಸಿನಲ್ಲಿ ಇತ್ತು" ಎಂದರು ಶೆಟ್ಟರು. "ಆದ್ರೆ ಅಲ್ಲಿ ಗ್ರಾನೈಟ್ ನೆಲ ಮಾರಾಯ್ರೆ. ಇಲ್ಲಿಯ ಕಡಪ ಕಲ್ಲಿನ ಮೇಲೆಯೇ ನಿಲ್ಲಲಿಕ್ಕೆ ಆಗದವರು ಅಲ್ಲಿ ಎಂತ ಮಾಡ್ತೀರಿ? ಒಂದು ತಿಂಗಳು ನೋಡ್ತೇನೆ. ಇನ್ನೊಂದು ಸಲ ಬಿದ್ರೆ ಪಾರ್ಸೆಲ್ ಕೌಂಟರಿನಲ್ಲಿ ಚಟ್ನಿ ಕಟ್ಟಲಿಕ್ಕೆ ಕೂರಿಸ್ತೇನೆ, ಹೇಳಿದ್ದೇನೆ."

ಇಪ್ಪತ್ತೆರಡು ವರ್ಷ ಕ್ಯಾಪ್ಟನ್ ಆಗಿದ್ದವರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಚಟ್ನಿ ತುಂಬಿ ಬಾಯಿಗೆ ದಾರ ಸುತ್ತುವ ಕೆಲಸ! ಮರುದಿನ ಬೆಳಗಿನ ಲೋಕಲ್ ರೈಲಿನಲ್ಲಿ, ನನ್ನ ಮತ್ತು ಇನ್ನೂರು ಜನರ ನಡುವೆ ಒತ್ತಿಕೊಂಡು ನಿಂತು, ಅವರು ಇದನ್ನು ಹೇಳುವಾಗ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಕೆಡುಕೆನಿಸಿತು. ಆಗ ನಾನು ಆ ಮಾತು ಆಡಿದೆ.

"ಅಲ್ರೀ ಮುಂಡಪ್ಪನೋರೆ, ಹವಾಯಿ ಬಿಟ್ಟು ಒಂದು ಒಳ್ಳೆ ಶೂ ತಗೊಳ್ಳಿ. ಮುಂದೆ ಮುಚ್ಚಿರ್ಬೇಕು, ಅಡಿ ಜಾರಬಾರದು. ಸಂಜೆ ಹೊತ್ತು ಹೋಗಿ ಅಳತೆ ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತೆ."

ಅವರು ಜೇಬಿನಿಂದ ಆರ್ಡರ್ ಪುಸ್ತಕ ತೆಗೆದು ಮೂರನ್ನೂ ಬರೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುಂಡಪ್ಪನವರದು ಒಂದು ಗುಣ: ಯಾರು ಏನು ಹೇಳಿದರೂ ಸರಿ ಎನ್ನಿಸುತ್ತದೆ, ಕೊನೆಗೆ ಹೇಳಿದವರದು ಎಲ್ಲಕ್ಕಿಂತ ಸರಿ ಎನ್ನಿಸುತ್ತದೆ.

ಮೊದಲು ಹೇಳಿದವರು ಅವರ ಹೆಂಡತಿ ಜಲಜಾಕ್ಷಿಯಮ್ಮ. "ಮ್ಯಾನೇಜರ್ ಆಗುವವರು ಮ್ಯಾನೇಜರ್ ಹಾಗೆ ಕಾಣ್ಬೇಡ್ವಾ?" ಎಂದು ಪಕ್ಕದೂರು ಕಲ್ಯಾಣಕ್ಕೆ ಕರೆದುಕೊಂಡು ಹೋಗಿ ಫಳಫಳ ಹೊಳೆಯುವ ಚರ್ಮದ ಶೂ ಕೊಡಿಸಿದರು. ಅಟ್ಟೆಯೂ ಚರ್ಮದ್ದೇ. ಒದ್ದೆ ನೆಲದ ಮೇಲೆ ಅದು ಹವಾಯಿಗಿಂತ ಚೆನ್ನಾಗಿ ಜಾರಿತು. ಮುಂಡಪ್ಪನವರು ಎರಡನೇ ಟೇಬಲಿನ ಆರ್ಡರ್ ಕೇಳಲು ಹೊರಟು ಐದನೇ ಟೇಬಲ್ ತಲುಪಿದರು.

ಆಮೇಲೆ ಮಗಳು ಅಶ್ಮಿತಾ. ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಪ್ಪ ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಪಪ್ಪಾ, ಸ್ಪೋರ್ಟ್ಸ್ ಶೂ ಲೇಲೋ ನಾ, ಏಕ್‌ದಮ್ ಹಲ್ಕಾ" ಎಂದು ತೀರಾ ಹಗುರದ, ಬಿಳಿ ಬಟ್ಟೆಯ, ಮೇಲೆಲ್ಲ ಜಾಲರಿಯ ಶೂ ಕೊಡಿಸಿದಳು. ಗಾಳಿ ಆಡಲಿ ಎಂದು ಮಾಡಿದ ತೂತುಗಳಲ್ಲಿ ಬಿಸಿ ರಸಂ ಆಡಿತು. ಸಂಜೆಗೆ ಕಾಲು ಮಲ್ಲಿಗೆ ಇಡ್ಲಿಯ ಹಾಗೆ ಉಬ್ಬಿತ್ತು.

ಮೂರನೆಯವರು ನಮ್ಮ ಸೊಸೈಟಿಯ ಸೆಕ್ರೆಟರಿ ಸಾವಂತ್ ಕಾಕಾ, ಮೂವತ್ತು ವರ್ಷ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಲಿಫ್ಟ್ ಕೆಟ್ಟು ಮೂರು ತಿಂಗಳಾದರೂ ರಿಪೇರಿ ಮಾಡಿಸದ ಮನುಷ್ಯ ಶೂ ವಿಷಯದಲ್ಲಿ ಮಾತ್ರ ತಕ್ಷಣ ಮೈಮೇಲೆ ಬಂದವರಂತೆ ಎದ್ದರು. "ಸೇಫ್ಟಿ ಶೂ ಘ್ಯಾ! ಟನ್ ಪಡ್ಲಾ ತರೀ ಕಾಹೀ ಹೋಣಾರ್ ನಾಹೀ!" ಮೇಲೆ ಒಂದು ಟನ್ ಬಿದ್ದರೂ ಏನೂ ಆಗುವುದಿಲ್ಲವಂತೆ. ಉಡುಪಿ ಹೋಟೆಲಿನಲ್ಲಿ ಕಾಲಿನ ಮೇಲೆ ಒಂದು ಟನ್ ಬೀಳುವಂಥದ್ದು ಏನಿದೆ ಎಂದು ನಾನು ಕೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದನ್ನೂ ಕೊಂಡದ್ದಾಯಿತು. ಬೆರಳುಗಳ ಮೇಲೆ ಕಬ್ಬಿಣದ ತಗಡು, ಒಂದೊಂದೂ ಒಂದು ಕುಕ್ಕರಿನ ತೂಕ. ಜಾರುತ್ತಿರಲಿಲ್ಲ, ನಿಜ. ಆದರೆ ಮುಂಡಪ್ಪನವರು ಅಡಿಗೆಮನೆಯಿಂದ ಹೊರಟರೆ ಧಬ್ ಧಬ್ ಎಂದು ಎಲ್ಲರಿಗೂ ಕೇಳಿಸುತ್ತಿತ್ತು. ಸೋಮಾರಿ ಸರ್ವರ್‌ಗಳು ಅವರು ಬರುವಷ್ಟರಲ್ಲಿ ಟೇಬಲ್ ಒರೆಸುವ ಭಂಗಿಯಲ್ಲಿ ತಯಾರಾಗಿರುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವರಿಗೆ ಬಯ್ಯಲು ಯಾರೂ ಸಿಗಲಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಗಲ್ಲಾದ್ದು. ಗಲ್ಲಾ ಎಂದರೆ ಲಕ್ಷ್ಮಿ ಇರುವ ಜಾಗ. ಅದರ ಸುತ್ತ ಶೆಟ್ಟರು ನೆಲದ ಮೇಲೆ ಒಂದು ಹಳದಿ ಗೆರೆ ಎಳೆಸಿದ್ದಾರೆ. ಗೆರೆಯಿಂದ ಒಳಗೆ ಚಪ್ಪಲಿ ಇಲ್ಲ. ಸ್ವತಃ ಶೆಟ್ಟರೇ ಬೆಳಗ್ಗೆ ಚಪ್ಪಲಿಯನ್ನು ಹೊರಗೆ ಬಿಟ್ಟು, ಊದುಬತ್ತಿ ಹಚ್ಚಿ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೇ ಇಳಿಯುವುದು. ಹವಾಯಿಯಾದರೆ ಕಾಲು ಝಾಡಿಸಿದರೆ ಮುಗಿಯಿತು. ಲೇಸ್ ಕಟ್ಟುವ ಶೂ? ಒಂದೊಂದು ಬಿಲ್ಲಿಗೂ ಮುಂಡಪ್ಪನವರು ಗೆರೆಯ ಹತ್ತಿರ ಬಗ್ಗಿ, ಎರಡು ಗಂಟು ಬಿಚ್ಚಿ, ಒಳಗೆ ಹೋಗಿ, ಚಿಲ್ಲರೆ ತಂದು, ಮತ್ತೆ ಬಗ್ಗಿ ಎರಡು ಗಂಟು ಕಟ್ಟಬೇಕಿತ್ತು. ಅಷ್ಟರಲ್ಲಿ ಗಿರಾಕಿಗೆ ಮತ್ತೆ ಹಸಿವಾಗುತ್ತಿತ್ತು. ಒಬ್ಬ ಚಿಲ್ಲರೆ ಬಿಟ್ಟು ಟ್ರೈನ್ ಹಿಡಿದ, ಇನ್ನೊಬ್ಬ ಟ್ರೈನ್ ಬಿಟ್ಟು ಚಿಲ್ಲರೆ ಹಿಡಿದ. ಇಬ್ಬರೂ ಶೆಟ್ಟರನ್ನು ಬಯ್ದರು.

ಮೂರು ದಿನಕ್ಕೆ ಎರಡೂ ಹಿಮ್ಮಡಿಯಲ್ಲಿ ನಿಂಬೆಗಾತ್ರದ ಬೊಕ್ಕೆ ಎದ್ದವು.

ನವೆಂಬರ್ ಹದಿನೆಂಟರ ಬೆಳಗ್ಗೆ, ಕಾಲಿಗೆ ಏನನ್ನೂ ಹಾಕಿಕೊಳ್ಳಲಾಗದೆ, ಮುಂಡಪ್ಪನವರು ಶೂಗಳನ್ನು ಚೀಲದಲ್ಲಿ ಹಾಕಿಕೊಂಡು ಬರಿಗಾಲಲ್ಲೇ ಸ್ಟೇಷನ್ನಿಗೆ ಬಂದರು. ಘಣಸೋಲಿಗೆಂದು ಶೆಟ್ಟರು ಹೊಲಿಸಿದ ಹೊಸ ಯೂನಿಫಾರಂ ಮೈಮೇಲಿತ್ತು: ಕಪ್ಪು ಪ್ಯಾಂಟು, ಕಪ್ಪು ಶರಟು. ಬಿಡುವಿನ ಹೊತ್ತೆಲ್ಲ ಶೂ ಅಂಗಡಿಗಳಲ್ಲೇ ಕಳೆದಿದ್ದರಿಂದ ಎಂಟು ದಿನದ ಗಡ್ಡ. ಹಣೆಯಲ್ಲಿ ಮನೆದೇವರ ಗಂಧ. ಇಷ್ಟೆಲ್ಲ ಒಟ್ಟಿಗೆ ಸೇರಿದರೆ ಏನು ಕಾಣುತ್ತದೆ ಎಂದು ನನಗೂ ಹೊಳೆಯಲಿಲ್ಲ. ಅಯ್ಯಪ್ಪನ ವ್ರತ ಶುರುವಾಗಿ ಆಗ ಎರಡನೇ ದಿನ.

ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದವನೊಬ್ಬ ಮುಂಡಪ್ಪನವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬರಿಗಾಲು ಕಂಡ ತಕ್ಷಣ ಎದ್ದು ಕೈಮುಗಿದು ತನ್ನ ಸೀಟು ತೋರಿಸಿದ. "ಸ್ವಾಮಿ ಶರಣಂ. ಬಸಾ ಸ್ವಾಮಿ, ಬಸಾ."

ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತುವವರಿಗೆ ಮಾತ್ರ ಈ ದೃಶ್ಯದ ಗಾಂಭೀರ್ಯ ಅರ್ಥವಾದೀತು. ನಾನು ಹದಿನಾಲ್ಕು ವರ್ಷದಿಂದ ಓಡಾಡುತ್ತಿದ್ದೇನೆ. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಒತ್ತಿಕೊಳ್ಳಲು ಅರ್ಧ ತುದಿ ಸಿಕ್ಕಿದ ದಿನ ಹೆಂಡತಿಗೆ ಫೋನ್ ಮಾಡಿ ಹೇಳುತ್ತೇನೆ. ಇವರಿಗೆ ಕಿಟಕಿ! ಮುಂಡಪ್ಪನವರು "ಅಲ್ಲ" ಎನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಆಮೇಲೆ ಸೀಟನ್ನು ನೋಡಿದರು. ಬಾಯಿ ಮುಚ್ಚಿ ಕೂತರು. ಥಾಣೆ ಬರುವವರೆಗೂ ನನ್ನ ಕಡೆ ತಿರುಗಲೇ ಇಲ್ಲ.

ಹೋಟೆಲಿನಲ್ಲಿ ಆದದ್ದನ್ನು ಆಮೇಲೆ ಅವರೇ ಹೇಳಿದರು. ಬರಿಗಾಲು ಕಂಡು ಶೆಟ್ಟರು "ಎಂತ ಇದು ಅವತಾರ..." ಎಂದು ಬೊಬ್ಬೆ ಹಾಕಲು ಎದ್ದವರು ಅರ್ಧದಲ್ಲೇ ನಿಂತರು. ಗಡ್ಡ ನೋಡಿದರು, ಕಪ್ಪು ಶರಟು ನೋಡಿದರು. ತಾವೇ ಹೊಲಿಸಿದ ಶರಟು ಎಂಬುದೂ ಮರೆತುಹೋಯಿತು. ಗಲ್ಲಾ ಬಿಟ್ಟು ಇಳಿದು ಬಂದು, ಎಲ್ಲ ಸರ್ವರ್‌ಗಳ ಎದುರು ಮುಂಡಪ್ಪನವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಾನು ಬಯ್ದದ್ದಕ್ಕೆ ನೀವು ದೇವರ ಮೊರೆ ಹೋದ್ರಿ ಅಲ್ವಾ? ನನ್ನದು ತಪ್ಪಾಯ್ತು ಸ್ವಾಮಿ."

ಇಪ್ಪತ್ತೆರಡು ವರ್ಷ ಬಯ್ಗುಳ ತಿಂದವರ ಕಾಲು ಮಾಲೀಕ ಹಿಡಿದಿರುವಾಗ "ಶೂ ಕಚ್ಚಿದ್ದು ಶೆಟ್ರೆ" ಎಂದು ಹೇಳಲು ಎಂಥ ಗಟ್ಟಿ ಮನಸ್ಸು ಬೇಕು! ಮುಂಡಪ್ಪನವರದು ಅಂಥ ಮನಸ್ಸಲ್ಲ.

ಅದೇ ಮಧ್ಯಾಹ್ನ, ಇದೇನೂ ಗೊತ್ತಿಲ್ಲದ ನಾನು, ಪಾಪ ಎನ್ನಿಸಿ ಊಟದ ಬಿಡುವಿನಲ್ಲಿ ವಾಶಿಯ ಒಂದು ಅಂಗಡಿಗೆ ಹೋದೆ. ಆಸ್ಪತ್ರೆ, ಹೋಟೆಲುಗಳ ಕೆಲಸಗಾರರಿಗೆ ಬೇಕಾದ ಸಾಮಾನು ಮಾರುವ ಅಂಗಡಿ. ಅಲ್ಲಿತ್ತು ಆ ಶೂ. ಕಪ್ಪು, ಹಗುರ. ಮುಂದೆ ಮುಚ್ಚಿದೆ, ಮೇಲೆ ತೂತಿಲ್ಲ, ಲೇಸಿಲ್ಲ. ಕಾಲು ತೂರಿಸಿದರೆ ಒಳಗೆ, ಎಳೆದರೆ ಹೊರಗೆ. ಅಡಿಯಲ್ಲಿ ಟೈರಿನ ಹಾಗೆ ಗೀರುಗಳು. ಎಣ್ಣೆ ಬಿದ್ದರೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು. ಹತ್ತನೇ ನಂಬರ್, ಒಂದೇ ಜೊತೆ ಉಳಿದಿತ್ತು. ಹನ್ನೆರಡು ಗಂಟೆ ನಿಲ್ಲುವ ಮನುಷ್ಯನಿಗಾಗಿಯೇ ಮಾಡಿಟ್ಟಂತಿತ್ತು. ನನ್ನ ಸಲಹೆಯ ಮೇಲೆ ನನಗೇ ಹೆಮ್ಮೆಯಾಯಿತು.

ಡಬ್ಬ ಹಿಡಿದುಕೊಂಡು ಸಂಜೆ ಅವರ ಮನೆಗೆ ಹೋದರೆ ಬಾಗಿಲಲ್ಲಿ ಜನ. ಶೆಟ್ಟರ ಹೆಂಡತಿ ಫೋನ್ ಮಾಡಿ ಜಲಜಾಕ್ಷಿಯಮ್ಮನಿಗೆ ಸುದ್ದಿ ಮುಟ್ಟಿಸಿದ್ದರು. ಜಲಜಾಕ್ಷಿಯಮ್ಮ ಮೊದಲು ತನಗೆ ಹೇಳದೆ ವ್ರತ ಹಿಡಿದದ್ದಕ್ಕೆ ಸಿಟ್ಟಾಗಿ, ಆಮೇಲೆ ಭಕ್ತಿಗೆ ಬಂದು, ಒಲೆಯ ಮೇಲಿದ್ದ ಬಂಗುಡೆ ಮೀನಿನ ಗಸಿಯನ್ನು ಪಾತ್ರೆ ಸಮೇತ ಸಾವಂತ್ ಕಾಕಾನ ಮನೆಗೆ ಸಾಗಿಸಿ, ಮನೆಯಿಡೀ ತೊಳೆದು, ಚಾಪೆ ಹಾಸಿ ಕಾದಿದ್ದರು. ಶೆಟ್ಟರು ಸ್ವಾಮಿಯನ್ನು ಬೇಗ ಕಳಿಸಿಕೊಟ್ಟಿದ್ದರು. ಮುಂಡಪ್ಪನವರು ಚಾಪೆಯ ಮೇಲೆ ಕೂತಿದ್ದರು. ಕಟ್ಟಡದವರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟುತ್ತಿದ್ದರು. ಎದುರು ಮನೆಯಿಂದ ಬಂಗುಡೆಯ ಘಮ ಬರುತ್ತಿತ್ತು.

ನಾನು ಡಬ್ಬದ ಮುಚ್ಚಳ ತೆರೆದು ಒಳಗೆ ನಡೆದೆ. "ಮುಂಡಪ್ಪನೋರೆ, ಸಿಕ್ತು ನೋಡಿ, ಇಂಥ ಶೂ..."

ಕಾಲು ಮುಟ್ಟಲು ಬಗ್ಗಿದವರು ಬಗ್ಗಿದಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದರು.

"ಜಗನ್ನಾಥಣ್ಣ" ಎಂದರು ಜಲಜಾಕ್ಷಿಯಮ್ಮ, "ವ್ರತ ಹಿಡಿದವರ ಎದುರಿಗೆ ಚಪ್ಪಲಿ ತರುವುದಾ? ನಿಮಗೆ ಬುದ್ಧಿ ಉಂಟಾ?"

ನನ್ನ ಹೆಂಡತಿ ಭಾಗೀರಥಿ ಜನರ ನಡುವಿನಿಂದ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಡಬ್ಬದೊಂದಿಗೆ ಹಿಂದಕ್ಕೆ ನಡೆದೆ. ಮುಂಡಪ್ಪನವರು ಚಾಪೆಯ ಮೇಲಿಂದ ಆ ಶೂಗಳನ್ನು ಬಾಗಿಲವರೆಗೂ ಕಣ್ಣಲ್ಲೇ ಕಳಿಸಿಕೊಟ್ಟರು.

ಮರುದಿನ ಅವರು ಹೆದರಿ, ಕೊರಳು ಖಾಲಿ ಇದ್ದರೆ ಅನುಮಾನ ಬಂದೀತೆಂದು ಸ್ಟೇಷನ್ನಿನ ಹೊರಗಿನ ತಳ್ಳುಗಾಡಿಯಲ್ಲಿ ಒಂದು ತುಳಸಿ ಮಾಲೆ ಕೊಂಡು ಹಾಕಿಕೊಂಡರು. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿ ಕೈಮುಗಿದರು. "ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಘಣಸೋಲಿ ಆಗುವವರೆಗೆ ಹೇಗೋ ಸುಧಾರಿಸ್ತೇನೆ."

"ಅಲ್ರೀ, ದೇವರ ವಿಷಯ ಕಣ್ರೀ ಇದು!"

"ನಾನೆಂತ ಸುಳ್ಳು ಹೇಳಿದ್ದೇನೆ? ಯಾರೂ ಕೇಳಲೇ ಇಲ್ಲ. ಎಲ್ಲರೂ ಕಾಲಿಗೇ ಬೀಳ್ತಾರೆ."

ಹೀಗೆ ಶುರುವಾಯಿತು. ಬೆಳಗಿನ ನಾಲ್ಕೂವರೆಗೆ ಪಕ್ಕದ ಮನೆಯಲ್ಲಿ ತಣ್ಣೀರು ಸುರಿಯುವ ಸದ್ದು, ಅದರ ಬೆನ್ನಿಗೇ ಮುಂಡಪ್ಪನವರು "ಅಯ್ಯಪ್ಪಾ" ಎಂದು ಚೀರುವ ಸದ್ದು. ಅದು ಭಕ್ತಿಯೆಂದು ಕಟ್ಟಡವೆಲ್ಲ ತಿಳಿಯಿತು. ಚಳಿಯೆಂದು ನನಗೊಬ್ಬನಿಗೇ ಗೊತ್ತು. ಸ್ವಾಮಿ ಬರಿಗಾಲಲ್ಲಿ ನಾಲ್ಕು ಮಹಡಿ ಹತ್ತುತ್ತಾರೆಂದು ಸಾವಂತ್ ಕಾಕಾ ಎರಡೇ ದಿನದಲ್ಲಿ ಲಿಫ್ಟ್ ರಿಪೇರಿ ಮಾಡಿಸಿದರು. ನಾನು ಕೊಟ್ಟ ಐದು ಅರ್ಜಿಗಳು ಅವರ ಫೈಲಿನಲ್ಲಿ ಹಾಗೇ ಇದ್ದವು.

ಹೋಟೆಲಿನಲ್ಲಿ ಇನ್ನೂ ವಿಚಿತ್ರ. ವ್ರತದವರು ಎಲ್ಲರನ್ನೂ ಸ್ವಾಮಿ ಎಂದೇ ಕರೆಯಬೇಕು, ಯಾರನ್ನೂ ಬಯ್ಯಬಾರದು. ಒಂದು ಶನಿವಾರ ನಾನು ಅಲ್ಲಿ ಊಟಕ್ಕೆ ಹೋದಾಗ ಕಣ್ಣಾರೆ ಕಂಡೆ. ಸರ್ವರ್ ಮುರಾರಿ ಕಂಬಕ್ಕೊರಗಿ ಮೊಬೈಲ್ ಒತ್ತುತ್ತಿದ್ದ.

"ಸ್ವಾಮಿ, ಆರನೇ ಟೇಬಲ್ ಒರೆಸ್ತೀರಾ ಸ್ವಾಮಿ?" ಎಂದರು ಮುಂಡಪ್ಪನವರು. ಕೊರಳ ನರ ಉಬ್ಬಿತ್ತು.

"ಒರೆಸುವಾ ಸ್ವಾಮಿ" ಎಂದ ಮುರಾರಿ, ಕಣ್ಣೆತ್ತದೆ.

"ಯಾವಾಗ ಸ್ವಾಮಿ?"

"ಮನಸ್ಸು ಬಂದಾಗ ಸ್ವಾಮಿ."

ಆದರೆ ಒಂದು ಮಾತು ನಿಜ. ಬರಿಗಾಲಲ್ಲಿ ಮುಂಡಪ್ಪನವರು ಒಮ್ಮೆಯೂ ಜಾರಲಿಲ್ಲ. ಒದ್ದೆ ನೆಲವನ್ನು ಹತ್ತೂ ಬೆರಳಿನಿಂದ ಹಿಡಿದು ನಡೆಯುತ್ತಿದ್ದರು. ಗಲ್ಲಾದ ಗೆರೆಯನ್ನು ನಿಲ್ಲದೆ ದಾಟುತ್ತಿದ್ದರು. ಶೆಟ್ಟರು ಇದನ್ನೆಲ್ಲ ಕುರ್ಚಿಯ ಮೇಲಿಂದ ಗಮನಿಸುತ್ತಿದ್ದರು. ನೋವು ಮಾತ್ರ ಕಾಣುತ್ತಿರಲಿಲ್ಲ. ಹನ್ನೆರಡು ಗಂಟೆ ಬರಿ ಕಲ್ಲಿನ ಮೇಲೆ ನಿಂತು ಅವರ ಹಿಮ್ಮಡಿ ಬೆಳಗ್ಗೆ ನೆಲಕ್ಕೆ ಊರಲು ಆಗದಷ್ಟು ನೋಯುತ್ತಿತ್ತು.

ಅದಕ್ಕೇ ಅವರು ದಿನವೂ ಮನೆಗೆ ಹೋಗುವ ಮುಂಚೆ ಕದ್ದು ನಮ್ಮ ಮನೆಗೆ ಬರುತ್ತಿದ್ದರು. ಸೋಫಾದ ಕೆಳಗಿನಿಂದ ಡಬ್ಬ ಎಳೆದು, ಆ ಶೂ ಹಾಕಿಕೊಂಡು, ಹಾಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಾಲಿಗೆ ಹತ್ತು ನಿಮಿಷ ನಡೆಯುವುದು. "ಆಹಾ! ಮೋಡದ ಮೇಲೆ ನಡೆದ ಹಾಗೆ ಉಂಟು" ಎನ್ನುವುದು. ಒಂದು ದಿನ, ನಿಜವಾಗಿ ಜಾರುವುದಿಲ್ಲವೇ ನೋಡಬೇಕೆಂದು ಅಡಿಗೆಮನೆಯ ನೆಲಕ್ಕೆ ತಾವೇ ಒಂದು ಚೊಂಬು ನೀರು, ಮೇಲೊಂದು ಚಮಚ ಎಣ್ಣೆ ಸುರಿದರು. ಅವರು ಜಾರಲಿಲ್ಲ. ಏನು ಸದ್ದು ಎಂದು ನೋಡಲು ಬಂದ ಭಾಗೀರಥಿ ಜಾರಿದಳು.

"ಅಲ್ರೀ, ನಮ್ಮನೆ ಏನು ಶೂ ಪರೀಕ್ಷೆ ಮಾಡೋ ಕಾರ್ಖಾನೇನಾ?" ಎಂದು ಅವಳು ನೆಲದ ಮೇಲಿಂದಲೇ ಕೇಳಿದಳು. "ನಾಳೆಯೊಳಗೆ ಅವರ ವ್ರತ ಮುಗೀಬೇಕು, ಇಲ್ಲ ನಾನೇ ಹೋಗಿ ಜಲಜಾಕ್ಷಿಗೆ ಹೇಳ್ತೀನಿ." ಅವಳ ಕೈ ಉಳುಕಿತ್ತು. ಒಂದು ವಾರ ಅಡಿಗೆ ಮಾಡಿದ್ದು ನಾನು.

ಭಾಗೀರಥಿ ಹೇಳುವ ಅಗತ್ಯ ಬೀಳಲಿಲ್ಲ. ಮರುದಿನ ಭಾನುವಾರ, ಕಲ್ಯಾಣದಿಂದ ಗುರುವಪ್ಪ ಗುರುಸ್ವಾಮಿಗಳೇ ಬಂದರು. ಹದಿನೆಂಟು ವರ್ಷ ಶಬರಿಮಲೆ ಹತ್ತಿದವರು, ಈ ಕಡೆಯ ಕನ್ನಡಿಗರಿಗೆಲ್ಲ ಮಾಲೆ ಹಾಕುವವರು. ಜಲಜಾಕ್ಷಿಯಮ್ಮ ಭಜನೆ ಇಟ್ಟುಕೊಂಡು ಕರೆಸಿದ್ದರು. ಮನೆ ತುಂಬ ಜನ. ಪಾಯಸದ ಘಮ. ಮುಂಡಪ್ಪನವರು ನನ್ನ ಪಕ್ಕದಲ್ಲಿ ಬೆವರುತ್ತಿದ್ದರು.

"ಸ್ವಾಮಿಗೆ ಮಾಲೆ ಹಾಕಿದ ಗುರುಸ್ವಾಮಿ ಯಾರು?" ಎಂದು ಗುರುವಪ್ಪನವರು ಮೆಲ್ಲಗೆ ಕೇಳಿದರು. "ನನ್ನ ಲೆಕ್ಕದಲ್ಲಿ ನಿಮ್ಮ ಹೆಸರು ಇಲ್ಲ, ಅದಕ್ಕೆ."

ಇಪ್ಪತ್ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಯಾರೋ ಕೇಳಿದ್ದರು. ಮುಂಡಪ್ಪನವರು ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ಗುರುವಪ್ಪನವರು ಕೈ ಚಾಚಿ, ಅವರ ಶರಟಿನೊಳಗಿನಿಂದ ಮಾಲೆಯನ್ನು ಹೊರಗೆಳೆದು ತುದಿಯ ಪದಕ ನೋಡಿದರು. ಅಯ್ಯಪ್ಪ ಇರಬೇಕಾದ ಜಾಗದಲ್ಲಿ ಪಂಢರಪುರದ ವಿಠೋಬ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಸ್ಟೇಷನ್ನಿನ ಗಾಡಿಯವನ ಬಳಿ ಇದ್ದದ್ದು ಅದೇ.

"ಅರೆ, ಹಾ ತರ್ ಆಮ್‌ಚಾ ವಿಠೋಬಾ!" ಎಂದು ಸಾವಂತ್ ಕಾಕಾ ಹಿಂದಿನಿಂದ ತಮ್ಮ ದೇವರನ್ನು ಕಂಡು ಸಂತೋಷಪಟ್ಟರು. ಬೇರೆ ಯಾರೂ ಸಂತೋಷಪಡಲಿಲ್ಲ.

"ಮಾಲೆ ಹಾಕಲಿಲ್ಲ ಸ್ವಾಮಿ" ಎಂದರು ಮುಂಡಪ್ಪನವರು. "ಶೂ ಕಚ್ಚಿದ್ದು."

ತಾಳ ಹಿಡಿದವರ ಕೈಯಿಂದ ತಾಳ ಕೆಳಗಿಳಿಯಿತು. ಮುಂಡಪ್ಪನವರು ಸಾಂಬಾರಿನ ಬಕೆಟ್ಟಿನಿಂದ ಹಿಡಿದು ಕಿಟಕಿ ಸೀಟಿನವರೆಗೆ ಎಲ್ಲವನ್ನೂ ಹೇಳಿದರು. ನಡುವೆ ಎರಡು ಸಲ "ಜಗನ್ನಾಥರು ಹೇಳಿದ ಮೇಲೆ" ಎಂಬ ಮಾತೂ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು.

ಮೊದಲು ಮಾತಾಡಿದ್ದು ಜಲಜಾಕ್ಷಿಯಮ್ಮ. "ನಾನು ಇಪ್ಪತ್ನಾಲ್ಕು ದಿವಸ ಮೀನು ಬಿಟ್ಟದ್ದು ನಿಮ್ಮ ಶೂವಿಗಾ? ನಾಲ್ಕು ಗಂಟೆಗೆ ಎದ್ದದ್ದು ಶೂವಿಗಾ? ನನ್ನ ಬಂಗುಡೆ ಸಾವಂತ್ ಕಾಕಾ ತಿಂದದ್ದು ನಿಮ್ಮ ಶೂವಿಗಾ?" ಒಂದೊಂದು ಪ್ರಶ್ನೆಗೂ ಅವರ ಧ್ವನಿ ಒಂದು ಮಹಡಿ ಏರುತ್ತಿತ್ತು. ಬಂಗುಡೆ ಎಂಬ ಹೆಸರು ಕೇಳಿದೊಡನೆ ಸಾವಂತ್ ಕಾಕಾ ಬಾಗಿಲ ಕಡೆಗೆ ಸರಿದರು.

ಗುರುವಪ್ಪನವರು ಕೈ ಎತ್ತಿದರು. ಬಗ್ಗಿ ಮುಂಡಪ್ಪನವರ ಹಿಮ್ಮಡಿ ನೋಡಿದರು. ಬಿರುಕು, ಒಣಗಿದ ಬೊಕ್ಕೆ, ಬಾವು. "ಮೀನಿಲ್ಲ, ಚಾಪೆ, ತಣ್ಣೀರು, ಬರಿಗಾಲು. ಯಾರಿಗೂ ಒಂದು ಕೆಟ್ಟ ಮಾತಿಲ್ಲ" ಎಂದರು. "ಮಾಲೆ ಹಾಕಿದವರೇ ಕೆಲವರು ಇಷ್ಟು ಸರಿಯಾಗಿ ಮಾಡುವುದಿಲ್ಲ ಮಾರಾಯ್ರೆ. ಆದರೆ ಸುಳ್ಳು ಸುಳ್ಳೇ. ಮುಂದಿನ ವರ್ಷ ಸರಿಯಾಗಿ ಬನ್ನಿ, ನಾನೇ ಹಾಕ್ತೇನೆ. ಈಗ ನಿಮ್ಮ ಕಾಲು ಹಿಡಿದವರ ಹತ್ತಿರ ಹೋಗಿ, ನೀವೇ ಬಾಯಿಬಿಟ್ಟು ಹೇಳಿ."

ಕಾಲು ಹಿಡಿದವರು ಎಂದರೆ ಶೆಟ್ಟರು.

ಮರುದಿನ ಮುಂಡಪ್ಪನವರು ನನ್ನನ್ನೂ ಎಳೆದುಕೊಂಡು ಹೋದರು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ "ನೆರೆಯವರ ಶೂ" ಎಂದು ಬರೆಯಲಾಗದೆ "ಜ್ವರ" ಎಂದು ಬರೆದೆ. ನಾವು ಗಲ್ಲಾದ ಎದುರು ನಿಂತಾಗ ಶೆಟ್ಟರ ಮುಖ ಅರಳಿತ್ತು.

"ಬನ್ನಿ ಸ್ವಾಮಿ, ನಿಮಗೇ ಹೇಳ್ಬೇಕು ಅಂತಿದ್ದೆ. ಘಣಸೋಲಿ ನಿಮ್ಮದೇ. ಇಪ್ಪತ್ತೈದು ದಿವಸದಲ್ಲಿ ಒಂದು ಗ್ಲಾಸ್ ಬೀಳಿಸ್ಲಿಲ್ಲ ನೀವು."

ಇಷ್ಟಾದ ಮೇಲೆ ಯಾವ ಮನುಷ್ಯನಾದರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ. ನಾನಾಗಿದ್ದರೆ ಹೋಗುತ್ತಿದ್ದೆ. 'ಹೇಳಿ ಬಿಡಬೇಡಿ' ಎಂದು ಕಣ್ಸನ್ನೆಯೂ ಮಾಡಿದೆ, ಸುಳ್ಳೇಕೆ. ಆದರೆ ಮುಂಡಪ್ಪನವರು ಹಳದಿ ಗೆರೆಯ ಮೇಲೆ ಎರಡೂ ಪಾದ ಜೋಡಿಸಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಕೊನೆಗೆ "ಚಟ್ನಿ ಕಟ್ಟಲಿಕ್ಕೆ ಕೂರ್ತೇನೆ ಶೆಟ್ರೆ" ಎಂದರು. ಆ ಕ್ಷಣ ಅವರ ಮೇಲೆ ನನಗೆ ಬಹಳ ಗೌರವ ಬಂತು. ಅದು ಅಪರೂಪಕ್ಕೆ ಬರುವಂಥದ್ದು, ಅದಕ್ಕೇ ಬರೆದಿಡುತ್ತಿದ್ದೇನೆ.

ಶೆಟ್ಟರು ಕೆಂಪಾದರು, ಆಮೇಲೆ ಬಿಳಿಯಾದರು. ಸುತ್ತ ನೋಡಿ ಧ್ವನಿ ತಗ್ಗಿಸಿದರು. "ನಾನು ನಿಮ್ಮ ಕಾಲು ಹಿಡಿದಿದ್ದೇನೆ."

"ಹೌದು ಶೆಟ್ರೆ."

"ಎಲ್ಲ ಸರ್ವರ್‌ಗಳ ಎದುರು."

"ಹೌದು ಶೆಟ್ರೆ."

"ಶೂ ಕಚ್ಚಿದ ಕಾಲು."

ಮುರಾರಿ ದೂರದಲ್ಲಿ ಕಂಬಕ್ಕೊರಗಿ ಇತ್ತಲೇ ನೋಡುತ್ತಿದ್ದ. ಶೆಟ್ಟರು ಅವನನ್ನು ನೋಡಿದರು, ನಮ್ಮನ್ನು ನೋಡಿದರು, ದೇವರ ಫೋಟೋ ನೋಡಿದರು. "ಈ ವಿಷಯ ಇಲ್ಲಿ ಒಬ್ಬನಿಗೆ ಗೊತ್ತಾದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ? ನೀವು ಇಲ್ಲಿ ಇರ್ಲೇಬೇಡಿ. ಘಣಸೋಲಿಗೇ ಹೋಗಿ! ಇವತ್ತೇ ಹೋಗಿ! ಮತ್ತೆ ಆ ಶೂ ಉಂಟು ಅಂದ್ರಲ್ಲ, ಅದನ್ನು ಹಾಕಿಕೊಂಡೇ ಬನ್ನಿ. ಗ್ರಾನೈಟ್ ಅದು."

ಡಿಸೆಂಬರ್ ಹದಿನೆಂಟಕ್ಕೆ ಉದ್ಘಾಟನೆ. ನಾನೂ ಭಾಗೀರಥಿಯೂ ಹೋದೆವು. ಗ್ರಾನೈಟ್ ನೆಲದಲ್ಲಿ ನಮ್ಮ ಮುಖ ಕಾಣುತ್ತಿತ್ತು. ಬಾಗಿಲಲ್ಲಿ ಒಡೆದ ತೆಂಗಿನಕಾಯಿಯ ನೀರು ಹರಿದು, ಅತಿಥಿಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಶೆಟ್ಟರೇ ಎರಡು ಸಲ ತೂರಾಡಿದರು. ಆಗ ಬಂದರು ಮುಂಡಪ್ಪನವರು. ಗಡ್ಡ ಬೋಳಿಸಿ, ಹೊಟ್ಟೆ ತುಂಬ ಬಂಗುಡೆ ತಿಂದು, ಕಾಲಿಗೆ ನಾನು ಕೊಡಿಸಿದ ಕಪ್ಪು ಶೂ ಹಾಕಿಕೊಂಡು, ಆ ಒದ್ದೆ ಗ್ರಾನೈಟಿನ ಮೇಲೆ ನಮ್ಮ ಮನೆಯ ಹಾಲಿನಲ್ಲಿ ನಡೆದಂತೆ ನೆಟ್ಟಗೆ ನಡೆದು ಬಂದರು. ಸದ್ದಿಲ್ಲ, ಜಾರಿಲ್ಲ, ನೋವಿಲ್ಲ. ಜಲಜಾಕ್ಷಿಯಮ್ಮ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು. ಒಂದೂವರೆ ತಿಂಗಳ ಕಷ್ಟ ಸಾರ್ಥಕವಾಯಿತು ಎಂದು ನನ್ನ ಎದೆ ಉಬ್ಬಿತು.

"ಬನ್ನಿ ಮ್ಯಾನೇಜರ್ರೆ, ನಿಮ್ಮ ಜಾಗಕ್ಕೆ ಬನ್ನಿ" ಎಂದು ಶೆಟ್ಟರು ಕರೆದರು.

ಮುಂಡಪ್ಪನವರು ಹೋದರು. ಹೋದವರು ಥಟ್ಟನೆ ನಿಂತರು. ಅವರ ಶೂವಿನ ಮುಂದೆ, ಹೊಸ ಗ್ರಾನೈಟಿನ ಮೇಲೆ, ಇನ್ನೂ ಪೇಂಟಿನ ವಾಸನೆ ಹೋಗದ ಒಂದು ಹಳದಿ ಗೆರೆ ಇತ್ತು. ಅವರು ಗೆರೆ ನೋಡಿದರು, ತಿರುಗಿ ನನ್ನನ್ನು ನೋಡಿದರು. ನಾನೂ ಗೆರೆ ನೋಡಿದೆ.

"ಎಂತ ನೋಡ್ತೀರಿ? ಶೂ ತೆಗೀರಿ, ಗಲ್ಲಾ ಅಲ್ವಾ?" ಎಂದರು ಶೆಟ್ಟರು.

"ಅಲ್ಲ ಶೆಟ್ರೆ... ಮ್ಯಾನೇಜರ್ ಅಂದ್ರೆ..."

"ಗಲ್ಲಾದಲ್ಲಿ ಕೂರುವವ. ಮತ್ತೆಂತ? ನಿಂತು ಸಾಯ್ಲಿಕ್ಕೆ ಕ್ಯಾಪ್ಟನ್ ಬೇರೆ ಇದ್ದಾನಲ್ಲ."

ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಆ ಗೆರೆ ದಾಟಿದ ಮುಂಡಪ್ಪನವರಿಗಾಗಲಿ, ಅಂಥದೇ ಗೆರೆಯೊಳಗೆ ಬರಿಗಾಲಲ್ಲಿ ಕೂತೇ ಗ್ರಾನೈಟಿನ ಬಗ್ಗೆ ಎಚ್ಚರಿಸಿದ ಶೆಟ್ಟರಿಗಾಗಲಿ, ಎಲ್ಲ ತಿಳಿದವನಂತೆ ಸಲಹೆ ಕೊಟ್ಟ ನನಗಾಗಲಿ ಇದು ಹೊಳೆದಿರಲಿಲ್ಲ. ಮುಂಡಪ್ಪನವರು ಕಾಲು ಎಳೆದರು. ಲೇಸಿಲ್ಲದ ಶೂ ಎಷ್ಟು ಸಲೀಸಾಗಿ ಬಿಟ್ಟುಕೊಂಡಿತು! ಒಳಗೆ ಹೋಗಿ, ಊದುಬತ್ತಿ ಹಚ್ಚಿ, ಕುರ್ಚಿ ಏರಿ ಚಕ್ಕಳಮಕ್ಕಳ ಹಾಕಿ ಕೂತರು. ಮುಖದಲ್ಲಿ ಎಂಥ ತೃಪ್ತಿಯೆಂದರೆ, ಹಿಮ್ಮಡಿ ಎಂಬ ಅಂಗವೇ ಅವರಿಗೆ ಮರೆತುಹೋಗಿತ್ತು.

ಶೂಗಳು ಗೆರೆಯ ಹೊರಗೆ ನಿಂತಿದ್ದವು. ಅವನ್ನು ಎಡವಿ ಒಬ್ಬ ಅತಿಥಿ ಬೀಳುವುದರಲ್ಲಿದ್ದರು.

"ಜಗನ್ನಾಥರೇ" ಎಂದು ಮುಂಡಪ್ಪನವರು ಗಲ್ಲಾದಿಂದ ಕೂಗಿದರು, "ಅದನ್ನು ನೀವೇ ಕೊಂಡುಹೋಗಿ ಮಾರಾಯ್ರೆ. ನಿಮಗೆ ಸರಿಯಾಗ್ತದೆ."

ನನ್ನದು ಏಳನೇ ನಂಬರ್.